ಪಕ್ಕದ ರೂಮು

"ಭಾವ, ನೀವು ದೊಡ್ಡೋರು, ನಾನು ಹೆಚ್ಚು ಮಾತಾಡಬಾರ್ದು," ಎನ್ನುತ್ತಲೇ ಭಾವಮೈದ ಟಿಂಕರನ ಮೂಗಿಗೆ ಎರಡನೆಯ ಗುದ್ದು ಕೊಟ್ಟ. ಟಿಂಕರನ ತಲೆ ಹಿಂದಿನ ಗೋಡೆಗೆ ಬಡಿಯಿತು. ಬೆಳಗಿನ ಹತ್ತು ಗಂಟೆ. ದಾರಿಯಲ್ಲಿ ಹೋಗುವವರು ಒಂದು ಗಳಿಗೆ ನಿಂತು ನೋಡಿ, ಮನೆಯವರ ಜಗಳವಿರಬೇಕು ಎಂದುಕೊಂಡು ಮುಂದೆ ನಡೆದರು.

ನೆಗ್ಗಿದ ಕಾರುಗಳನ್ನು ಸುತ್ತಿಗೆಯಿಂದ ತಟ್ಟಿ ಸರಿಮಾಡುವುದು ಟಿಂಕರನ ಕಸುಬು. ಮನಸ್ಸು ಮಾಡಿದ್ದರೆ ಬಸ್ಸು ಓಡಿಸುವ ಈ ಸಣಕಲನನ್ನು ಒಂದೇ ಏಟಿಗೆ ಮಲಗಿಸಬಹುದಿತ್ತು. ಆದರೆ ಯಾವ ಮುಖ ಇಟ್ಟುಕೊಂಡು ಕೈ ಎತ್ತುತ್ತಾನೆ? ಐದು ದಿನದ ಹಿಂದೆ ಕುಡಿದು ಬಂದು ಹೆಂಡತಿಯ ದವಡೆ ಮುರಿದಿದ್ದ. ಅವಳ ಹಲ್ಲುಗಳನ್ನು ತಂತಿಯಿಂದ ಬಿಗಿದಿದ್ದಾರೆ. ನೀರನ್ನೂ ಕೊಳವೆಯಲ್ಲಿ ಹೀರಬೇಕು. ಮಾತಾಡಲಾಗದೆ ಅವಳು ಚೀಟಿ ಬರೆದು ತಮ್ಮನ ಕೈಗೆ ಕೊಟ್ಟಿದ್ದಳು: 'ಕುಡಿತ ಬಿಡುವವರ ಸಭೆಗೆ ಹೋಗಲಿ. ನನಗೇನು ಮಾಡಿದನೆಂದು ನಾಲ್ಕು ಜನರ ಮುಂದೆ ಬಾಯಿಬಿಟ್ಟು ಹೇಳಲಿ. ಇಲ್ಲದಿದ್ದರೆ ಸಂಜೆ ಪೊಲೀಸರಿಗೆ ಬರೆದು ಕೊಡುತ್ತೇನೆ. ಮುಂದಿನದು ಆಮೇಲೆ.'

"ಸಭೆ ಮೇಲೆ, ಎರಡನೇ ಮಹಡಿ. ನಾನು ಇಲ್ಲೇ ನಿಂತಿರ್ತೀನಿ. ಹೇಳ್ದೆ ಇಳಿದು ಬಂದ್ರೋ, ಕಾಲು ಮುರೀತೀನಿ ಭಾವ!"

ಎರಡನೆಯ ಮಹಡಿಯಲ್ಲಿ ಎರಡು ಬಾಗಿಲು. ಒಂದು ಮುಚ್ಚಿತ್ತು. ಮೂಗಿನಿಂದ ರಕ್ತ ಸುರಿಸಿಕೊಂಡು ಟಿಂಕರ್ ತೆರೆದ ಬಾಗಿಲಿಗೆ ನುಗ್ಗಿದ. ಒಳಗೆ ಹತ್ತು ಹನ್ನೆರಡು ಹೆಂಗಸರು ಮಡಚುವ ಕುರ್ಚಿಗಳಲ್ಲಿ ದುಂಡಗೆ ಕೂತಿದ್ದರು. ಅಬ್ಬಬ್ಬಾ, ಹೆಂಗಸರೂ ಇಷ್ಟು ಜನ ಕುಡೀತಾರಾ ಎಂದುಕೊಂಡ.

ಸಭೆ ನಡೆಸುತ್ತಿದ್ದವಳು ಒಬ್ಬ ನಿವೃತ್ತ ನರ್ಸಮ್ಮ. "ಅಯ್ಯಯ್ಯೋ! ಯಾರಪ್ಪ ಹೀಗೆ ಹೊಡೆದಿದ್ದು?"

"ಭಾವಮೈದ."

"ಕುಡುಕರ ಕೈಗೆ ಸಿಕ್ಕಿದ್ರೆ ಇಷ್ಟೇ." ಅವಳು ಅವನನ್ನು ಕೂರಿಸಿ ಮೂಗಿಗೆ ಹತ್ತಿ ಒತ್ತಿದಳು. "ಇಲ್ಲಿರೋರೆಲ್ಲ ಮನೇಲಿ ಕುಡುಕರ ಕೈಲಿ ನಲುಗಿದೋರೇ. ಕುಡಿಯೋರ ಸಭೆ ಪಕ್ಕದ ರೂಮು. ಅವರು ಇಲ್ಲಿಗೆ ಕಾಲಿಡಲ್ಲ, ಹೆದರಬೇಡ."

ಏಳಬೇಕಿತ್ತು. ಏಳಲಿಲ್ಲ, ಪುಣ್ಯಾತ್ಮ. ಯಾರೋ ಬೆನ್ನು ಸವರಿದರು, ಯಾರೋ ಫ್ಲಾಸ್ಕಿನಿಂದ ಟೀ ಬಗ್ಗಿಸಿ ಕೊಟ್ಟರು. ಐದು ದಿನದಿಂದ ಒಬ್ಬರೂ ಅವನನ್ನು ಮನುಷ್ಯನೆಂದು ಮಾತಾಡಿಸಿರಲಿಲ್ಲ. ಹಾಯೆನಿಸಿತು. ಕಳ್ಳನ ಹಾಗೆ ಕೂತು ಟೀ ಕುಡಿದ.

ಎದುರಿಗಿದ್ದ ಟೈಲರಮ್ಮ ಮಾತು ಮುಂದುವರಿಸಿದಳು. ಅವಳ ಬಲಗೈಯ ಮೂರು ಬೆರಳು ಸೊಟ್ಟಗಿದ್ದವು. "ಬಾಗಿಲ ಸಂದಿಗೆ ಬೆರಳಿಡು ಅಂದ ನನ್ನ ಗಂಡ. ಇಟ್ಟೆ. ತೆಗೆದ್ರೆ ಮಗಳ ಸರದಿ ಅಂದಿದ್ದ. ಒಂದೊಂದೇ ಬೆರಳು, ಒಂದೊಂದು ಸಲ ಬಾಗಿಲು ಹಾಕ್ದ. ನಾಲ್ಕನೇದಕ್ಕೆ ಅವನಿಗೆ ನಿದ್ದೆ ಬಂತು, ಬಿಟ್ಟ." ಅಳಲಿಲ್ಲ ಅವಳು. ಬೇರೆ ಯಾರದೋ ಮನೆಯ ಸುದ್ದಿ ಹೇಳುವವಳ ಹಾಗೆ ಹೇಳಿದಳು.

ಹೆಂಡತಿಯ ದವಡೆ ಲಟಕ್ಕೆಂದ ಸದ್ದು ಟಿಂಕರನ ಕಿವಿಯಲ್ಲಿ ಎದ್ದಿತು. ಅವಳೂ ಅತ್ತಿರಲಿಲ್ಲ.

"ಈಗ ನೀನು ಹೇಳಪ್ಪ," ಎಂದಳು ನರ್ಸಮ್ಮ. "ಯಾರೂ ಮಧ್ಯೆ ಬಾಯಿ ಹಾಕಲ್ಲ."

ಏನೋ ಒಂದು ಕಟ್ಟಿ ಹೇಳಿ, ಕೆಳಗಿಳಿದು, ಆಯ್ತು ಎಂದಿದ್ದರೆ ಮುಗಿಯುತ್ತಿತ್ತು. ಯಾರು ಬಂದು ಪರೀಕ್ಷೆ ಮಾಡುತ್ತಿದ್ದರು? ಹಾಗೆಂದೇ ಬಾಯಿ ತೆರೆದ. ಬಂದದ್ದು ಬೇರೆ.

"ನನ್ನ ಭಾವಮೈದ ಕುಡಿಯಲ್ಲ. ಟೀ ಸಹ ಕುಡಿಯಲ್ಲ." ಒಬ್ಬಳು ಕಿಸಕ್ಕನೆ ನಕ್ಕಳು. "ಕುಡಿಯೋನು ನಾನು. ಹೆಂಡ್ತಿ ದವಡೆ ಮುರ್ದೆ. ಅವಳು ಬಗ್ಗಿ ನೆಲದ ಮೇಲೆ ಹಲ್ಲು ಹುಡುಕ್ತಿದ್ಲು. ನಾನು ಮಾತಾಡ್ತಿದ್ರೆ ಹಲ್ಲು ಹುಡುಕ್ತಾಳೆ ಅಂತ ಸಿಟ್ಟು ಬಂತು. ಮತ್ತೆ ಹೊಡೆದೆ. ಒದ್ದೆ ಕೂಡ. ರೂಮು ತಪ್ಪಿ ಬಂದೆ ನಾನು."

ಕುರ್ಚಿ ಉರುಳಿದ ಸದ್ದು. "ಥೂ, ನಿನ್ನ ಕೈ ಸೇದಿಹೋಗ!" ಟೈಲರಮ್ಮ ಹಾರಿ ಬಂದು ಮೈಮೇಲೆ ಬಿದ್ದಳು. ಕೆನ್ನೆ ಪರಚಿದಳು, ಕೂದಲು ಹಿಡಿದು ಎಳೆದಳು, ಸೊಟ್ಟ ಬೆರಳುಗಳನ್ನೇ ಮುಷ್ಟಿ ಕಟ್ಟಿ ಒಡೆದ ಮೂಗಿನ ಮೇಲೆ ಗುದ್ದಿದಳು. ಫ್ಲಾಸ್ಕು ಬಿದ್ದು ಟೀ ಹರಿಯಿತು. ಟಿಂಕರನಿಗೆ ಕಣ್ಣು ಕತ್ತಲಿಟ್ಟಿತು. ತಡೆಯಲಾಗದೆ ಎದ್ದು ನಿಂತ. ಬಲಗೈ ತಾನಾಗಿ ಮೇಲೆದ್ದಿತು. ಮೂಗು ಮುಚ್ಚಿಕೊಳ್ಳಲೋ, ತಿರುಗಿ ಬಾರಿಸಲೋ, ಅವನಿಗೇ ಗೊತ್ತಿರಲಿಲ್ಲ.

ಆ ಕೈ ಏಳುತ್ತಲೇ ಹೆಂಗಸರೆಲ್ಲ ಒಟ್ಟಿಗೆ ತಲೆ ತಗ್ಗಿಸಿ ಮುಖಕ್ಕೆ ತೋಳು ಅಡ್ಡ ಹಿಡಿದರು. ದೂರದ ಮೂಲೆಯವಳೂ ಹಿಡಿದಳು. ನರ್ಸಮ್ಮನೂ ಹಿಡಿದಳು. ಅಷ್ಟು ಹೊಡೆಯುತ್ತಿದ್ದ ಟೈಲರಮ್ಮ ಅವನ ಕಾಲ ಬಳಿ ಮುದುರಿ ಕೂತಿದ್ದಳು.

ಟಿಂಕರನಿಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಆ ಕೈಯನ್ನು ಇಳಿಸಲೂ ಹೆದರಿಕೆ, ಇಳಿಸಿದರೆ ಯಾರು ಕೂಗಿಕೊಳ್ಳುತ್ತಾರೋ ಎಂದು. ಮಂಡಿಯೂರಿ, ಚೆಲ್ಲಿದ ಬಿಸಿ ಟೀಯಲ್ಲೇ, ಎಲ್ಲರಿಗೂ ಕಾಣುವ ಹಾಗೆ ಎರಡೂ ಅಂಗೈ ನೆಲಕ್ಕೆ ಚಪ್ಪಟೆಯಾಗಿ ಒತ್ತಿದ.

ಒಂದೊಂದಾಗಿ ತೋಳುಗಳು ಕೆಳಗಿಳಿದವು. ಎಲ್ಲರಿಗಿಂತ ಕೊನೆಗೆ ಟೈಲರಮ್ಮ ತಲೆಯೆತ್ತಿದಳು.

"ಏಳಲಾ ಅಮ್ಮ?" ನೆಲ ನೋಡುತ್ತಲೇ ಕೇಳಿದ. "ಪಕ್ಕದ ರೂಮಿಗೆ ಹೋಗ್ತೀನಿ."

ಅವಳು ಅವನ ಕೈಗಳನ್ನೇ ನೋಡುತ್ತ ಗೋಡೆಯವರೆಗೂ ಹಿಂದೆ ಸರಿದಳು.

"ಏಳು," ಎಂದಳು. "ನಿಧಾನಕ್ಕೆ ಏಳು."