ಅಕ್ಕನ ಡಿಸ್ಕಿನ ಅಳತೆ

ತಂಗಿ ತನ್ನ ಕಂಪ್ಯೂಟರ್ ರಿಪೇರಿ ಅಂಗಡಿಯ ಬಾಗಿಲು ತೆರೆಯುವ ಮೊದಲೇ ಅಕ್ಕ ಬಂದು ನಿಂತಿದ್ದಳು. ಕೈಯಲ್ಲೊಂದು ಡಿಸ್ಕ್, ಕತ್ತಿನಲ್ಲಿ ಅಳತೆ ಟೇಪು, ಹಿಂದೆ ಮುಖ ಸಣ್ಣಗೆ ಮಾಡಿಕೊಂಡ ಭಾವ. ಟೈಲರ್ ಅಕ್ಕ ಹೊಲಿಗೆ ಕಲಿತಾಗಿನಿಂದ ತಾನೇ ಕೂತು ಬಿಡಿಸಿದ ಕಸೂತಿ ವಿನ್ಯಾಸಗಳೆಲ್ಲ ಆ ಡಿಸ್ಕಿನಲ್ಲಿರಬೇಕಿತ್ತು. ಅವು ಹೋದರೆ ಅವಳ ಅರ್ಧ ಬದುಕೇ ಹೋದಂತೆ.

“ಹಳೇದ್ರಿಂದ ಹೊಸ ಡಿಸ್ಕಿಗೆ ಎಲ್ಲಾ ಇಳಿಸಿದೀನಿ ಅಂತ ನಿನ್ ಭಾವ ಎದೆ ತಟ್ಕೊಂಡ್ರು ಕಣೇ. ಈಗ ನೋಡಿದ್ರೆ ತೆರೀತಾನೇ ಇಲ್ಲ!”

“ಒಂದ್ಸಲ ಮೌಂಟ್ ಮಾಡಿಬಿಡಮ್ಮ, ಎಲ್ಲಾ ಕಾಣುತ್ತೆ,” ಎಂದ ಭಾವ, ತಾನೂ ಬಲ್ಲವನಂತೆ.

ಮೌಂಟ್ ಮಾಡುವುದೆಂದರೆ ಡಿಸ್ಕ್ ಹೇಳಿದ್ದನ್ನೆಲ್ಲ ನಂಬಿ ಅದನ್ನು ಕಂಪ್ಯೂಟರಿನ ಕೈಗೆ ಒಪ್ಪಿಸುವುದು. ಡಿಸ್ಕೇ ಸುಳ್ಳು ಹೇಳುತ್ತಿದ್ದರೆ ಕಂಪ್ಯೂಟರ್ ಎಲ್ಲೆಲ್ಲೋ ಬರೆದು ಇದ್ದದ್ದನ್ನೂ ಕೆಡಿಸೀತು. ತಂಗಿ ಅಂಥ ಕೆಲಸಕ್ಕೆ ಸುತರಾಂ ಒಪ್ಪುವವಳಲ್ಲ.

“ಬಟ್ಟೆ ಅಳೀದೇನೆ ಕತ್ತರಿ ಹಾಕ್ತೀಯಾ ಅಕ್ಕ?”

ಅಕ್ಕ ಸ್ಟೂಲು ಎಳೆದುಕೊಂಡು ಕೂತಳು.

ಒಂದಕ್ಷರವೂ ಬರೆಯಲಾಗದಂತೆ, ಓದುವುದಕ್ಕಷ್ಟೇ ಡಿಸ್ಕನ್ನು ಜೋಡಿಸಿ ತಂಗಿ ಅದರ ತಲೆಭಾಗವನ್ನು ಓದಿದಳು. ತನ್ನ ಗಾತ್ರವೆಷ್ಟು, ತನ್ನೊಳಗೆ ಯಾವುದು ಎಲ್ಲಿದೆ ಎಂಬುದನ್ನೆಲ್ಲ ಡಿಸ್ಕ್ ಅಲ್ಲಿ ಬರೆದುಕೊಂಡಿರುತ್ತದೆ. ಬರಹವೇನೋ ಅಚ್ಚುಕಟ್ಟಾಗಿತ್ತು. ಅದು ಹೇಳಿಕೊಂಡ ಗಾತ್ರವನ್ನು ನಿಜವಾದ ಗಾತ್ರಕ್ಕೆ ತಾಳೆ ನೋಡಿದಾಗ ಮಾತ್ರ ತಂಗಿಗೆ ನಗು ತಡೆಯಲಾಗಲಿಲ್ಲ.

“ಇರೋದಕ್ಕಿಂತ ದುಪ್ಪಟ್ಟು ದೊಡ್ಡದಿದೀನಿ ಅಂತ ಕೊಚ್ಕೊಳ್ತಿದೆ ಇದು.”

“ಯಾರ ಕೈಲಿ ಪಳಗಿದ್ದು ಮತ್ತೆ!” ಅಕ್ಕ ನಗುತ್ತ ಗಂಡನ ಕಡೆ ತಿರುಗಿದಳು.

“ಭಾವ, ದೊಡ್ಡ ಡಿಸ್ಕನ್ನ ಚಿಕ್ಕದರೊಳಗೆ ತುರುಕಿದೀರಾ. ಗಾತ್ರದ ಬರಹ ಹಳೇದರದ್ದೇ ಬಂದಿದೆ, ಒಳಗಿನದು ಅರ್ಧ ಬಂದೇ ಇಲ್ಲ.”

“ಕೊನೇಲಿ ಏನೋ ಕೆಂಪಕ್ಷರ ಬಂತಪ್ಪ. ಸರಿ ಅಂತ ಒತ್ತಿದೆ.”

“ಹಳೇದೆಲ್ಲಿ?”

ಅಕ್ಕನ ನಗು ಅಲ್ಲೇ ನಿಂತಿತು. ಭಾವ ಕತ್ತು ಕೆರೆದುಕೊಂಡ.

“ಎಸೆದಿಲ್ಲ. ಹೊಲಿಗೆ ಮಿಷನ್ ಅಲ್ಲಾಡ್ತಿತ್ತಲ್ಲ, ಅದರ ಕಾಲಡಿಗೆ ಕೊಟ್ಟಿದೀನಿ.”

“ಅಯ್ಯೋ! ನಾನು ದಿನಾ ಅದರ ಮೇಲೇ ಹೊಲೀತಿದ್ನಾ? ಹೋಗ್ರೀ, ಓಡಿ!”

ಭಾವ ಏದುಸಿರು ಬಿಡುತ್ತ ಹಳೆಯ ಡಿಸ್ಕ್ ತಂದ. ಅದಕ್ಕೆ ನೂಲಿನ ಎಳೆಗಳು ಮೆತ್ತಿಕೊಂಡಿದ್ದವು. ಅಷ್ಟು ದಿನ ಮಿಷನ್ನಿನ ಅದುರಾಟ ತಿಂದ ಡಿಸ್ಕು. ಆದರೂ ತಂಗಿ ಅವಸರ ಮಾಡಲಿಲ್ಲ. ಇದನ್ನೂ ಓದುವುದಕ್ಕಷ್ಟೇ ಜೋಡಿಸಿ ತಲೆಭಾಗ ನೋಡಿದಳು. ಹೇಳಿಕೊಂಡ ಗಾತ್ರ, ಇರುವ ಗಾತ್ರ ಎರಡೂ ಒಂದೇ. ಡಿಸ್ಕಿನ ನಡುನಡುವೆ ಕಾಪಿಟ್ಟಿರುವ ತಲೆಭಾಗದ ನಕಲುಗಳೂ ಅದನ್ನೇ ಹೇಳಿದವು. ಆಮೇಲೆ ಮೌಂಟ್ ಮಾಡಿದಳು.

ಪರದೆ ತುಂಬ ಹೂಬಳ್ಳಿ, ನವಿಲು, ಅಂಚಿನ ಚಿತ್ತಾರ. ತಂಗಿಯ ಮೊದಲ ಫ್ರಾಕಿಗೆ ಹಾಕಿದ್ದ ವಕ್ರಕಾಲಿನ ಬಾತುಕೋಳಿಯೂ ಇತ್ತು. ಅಕ್ಕನ ಕಣ್ಣು ತುಂಬಿತು. ಅದನ್ನು ನೋಡಿ ತಂಗಿಗೆ ಹಿಡಿಸಲಾರದಷ್ಟು ಸಂತೋಷವಾಯಿತು.

ಭಾವ ಹೊಸ ಡಿಸ್ಕನ್ನು ಎತ್ತಿಕೊಂಡ. “ಹಾಗಾದ್ರೆ ಇದನ್ನ ಮಿಷನ್ ಕಾಲಿಗೆ ಕೊಟ್ಬಿಡ್ಲಾ?”

“ಕೊಡಿ ಇಲ್ಲಿ,” ಎಂದು ಅಕ್ಕ ಕತ್ತಿನಿಂದ ಟೇಪು ಎಳೆದು ಅದರ ದಪ್ಪ ಅಳೆಯತೊಡಗಿದಳು.