ಬಗಲಿನ ತುರಟಿ

ಬೆವರಿನ ವಿಷಯದಲ್ಲಿ ದೇವರು ಅನಿಕೇತನಿಗೆ ಕೈಬಿಚ್ಚಿ ಕೊಟ್ಟಿದ್ದ. ಉದ್ಯಮಬಾಗದ ಫೌಂಡ್ರಿಯಲ್ಲಿ ದಿನವಿಡೀ ಕಾದ ಕಬ್ಬಿಣದ ಎದುರು ನಿಂತರೆ ಯಾರ ಬಗಲೂ ಮಲ್ಲಿಗೆಯಂತೆ ಘಮಘಮಿಸುವುದಿಲ್ಲ, ನಿಜ. ಆದರೆ ಇವನ ಬಗಲು ರಜೆಯ ದಿನವೂ ಪಾಳಿ ತಪ್ಪಿಸುತ್ತಿರಲಿಲ್ಲ. ಹಿಂದೆ ನೋಡಿದ ಹೆಣ್ಣಿನವರೆಲ್ಲ "ಕುಂಡಲಿ ಕೂಡಲಿಲ್ಲ" ಎಂದಿದ್ದರು. ಅವರು ಕುಂಡಲಿಯನ್ನು ಮೂಗಿನಿಂದ ಓದಿದ್ದರೆಂದು ಅವನಿಗೂ ಗೊತ್ತಿತ್ತು.

ಅದಕ್ಕೇ ಈ ಸಲ ತಾಯಿಯೊಡನೆ ಖಾನಾಪುರಕ್ಕೆ ಹೆಣ್ಣು ನೋಡಲು ಹೊರಟವನ ಕಿಸೆಯಲ್ಲಿ ಒಂದು ಕಲ್ಲಿತ್ತು. ಒದ್ದೆ ಮಾಡಿ ಬಗಲಿಗೆ ತಿಕ್ಕಿದರೆ ನಾತ ಬಂದ್; ಅಪ್ಪಟ ನೈಸರ್ಗಿಕ, ಗುಡ್ಡದ ಹೊಟ್ಟೆಯಿಂದ ತೆಗೆದದ್ದು ಎಂದು ಮೊಬೈಲಿನ ಜಾಹೀರಾತು ಆಣೆ ಮಾಡಿತ್ತು. ಖಾನಾಪುರದ ಆ ಸಮೃದ್ಧಿಯ ಫೋಟೋ ನೋಡಿದಂದಿನಿಂದ ಅವನಿಗೆ ಬೇರೆ ಹುಡುಗಿ ಬೇಡವಾಗಿತ್ತು.

ಬಸ್ಸಿನ ಸೆಕೆಗೆ ಅಂಗಿ ತೊಯ್ದು ತೊಪ್ಪೆಯಾಯಿತು. ಹೆಣ್ಣಿನ ಮನೆ ಮುಟ್ಟಿದವನೇ ಕೈಕಾಲು ತೊಳೆಯುವ ನೆಪದಲ್ಲಿ ಬಚ್ಚಲಿಗೆ ಹೊಕ್ಕು ತಿಕ್ಕಿದ, ತಿಕ್ಕಿದ, ಮತ್ತೂ ತಿಕ್ಕಿದ. ಹೊರಬರುವ ಗಡಿಬಿಡಿಯಲ್ಲಿ ಕಲ್ಲನ್ನು ಬಚ್ಚಲ ಗೂಡಿನಲ್ಲೇ ಮರೆತ.

ಸಮೃದ್ಧಿ ಉಪ್ಪಿಟ್ಟು ತಂದಿಟ್ಟು ಎದುರಿಗೆ ಕುಳಿತಳು. ಮೂಗು ಮುರಿಯಲಿಲ್ಲ. ಅನಿಕೇತನಿಗೆ ಹೋದ ಜೀವ ಬಂದಂತಾಯಿತು. ಅಷ್ಟರಲ್ಲಿ ಬಾಜು ಮನೆಯ ಗೌರವ್ವ ಒಳಬಂದು, "ಅಯ್ಯ, ಜೋಡಿ ಎಷ್ಟ ಚಂದ ಕಾಣತೈತವ್ವಾ!" ಅಂದಳು.

ಸಮೃದ್ಧಿಯ ಅಜ್ಜಿ ಬಾಳವ್ವ ತಟ್ಟನೆ ಎದ್ದಳು. ದೃಷ್ಟಿ ತೆಗೆಯಲು ಆ ಮನೆಯಲ್ಲಿ ತುರಟಿಯೇ ಆಗಬೇಕು, ಹಜಾಮರು ಗಡ್ಡ ಕೆರೆದ ಮೇಲೆ ತಿಕ್ಕುವ ಅದೇ ಬಿಳಿ ಕಲ್ಲು. ಮೈಮೇಲಿಂದ ಇಳಿಸಿ ಕೆಂಡಕ್ಕೆ ಹಾಕಿದರೆ ಅದು ಉಬ್ಬಿ, ಕಣ್ಣು ಹಾಕಿದವರ ಮುಖ ಅದರಲ್ಲಿ ಮೂಡುತ್ತದೆಂಬ ನಂಬಿಕೆ. ಬಚ್ಚಲ ಗೂಡಿನಲ್ಲಿ ಹೊಳೆಹೊಳೆಯುವ ತುರಟಿ ಸಿಕ್ಕಿತು. ಜೋಡಿಯ ಮೇಲಿಂದ ಇಳಿಸಿದಳು. ಅನಿಕೇತ ತನ್ನ ಕಲ್ಲನ್ನು ಗುರುತಿಸಿ ಬಾಯಿ ತೆರೆಯುವಷ್ಟರಲ್ಲಿ ಅದು ಕೆಂಡದಲ್ಲಿತ್ತು.

ಬುಸುಬುಸು ಉಬ್ಬಿತು. ಹಿಂದೆಯೇ ನಾತ! ನೀರು ಕಾಣದ ಮೂತ್ರಾಲಯವೊಂದು ಎದ್ದು ಪಡಸಾಲೆಗೆ ಬಂದು ಕುಳಿತಂತಾಯಿತು.

"ಯವ್ವಾ! ಎಂಥಾ ಕೆಟ್ಟ ದೃಷ್ಟಿ ಐತಿದು!" ಬಾಳವ್ವ ಸೆರಗಿನಿಂದ ಮೂಗು ಮುಚ್ಚಿ, ಇಕ್ಕಳದಿಂದ ಉಂಡೆಯನ್ನು ತಿರುವಿದಳು. "ನೋಡ್ರಿ, ಗೌರವ್ವನ ಮಾರಿ! ಮೂಗ ಸೈತ ಐತಿ!"

ಗೌರವ್ವ ಅಳತೊಡಗಿದಳು. ತಾಯಿ ಅನಿಕೇತನ ತೊಡೆ ಚಿವುಟಿ, "ಸುಮ್ಮ ಕುಂದರ" ಎಂದು ಪಿಸುಗುಟ್ಟಿದಳು. ಸುಮ್ಮನಿದ್ದರೆ ಲಗ್ನ ಗಟ್ಟಿ. ಆದರೆ ಆ ಹೆಂಗಸಿನ ಅಳು ಅವನಿಗೆ ನೋಡಲಾಗಲಿಲ್ಲ.

"ಆಯಿ, ಅವರದೇನೂ ತಪ್ಪಿಲ್ರಿ. ಆ ಕಲ್ಲು ನಂದು. ಬೆವರ ನಾತಕ್ಕ ಬಗಲಿಗೆ ತಿಕ್ಕೋತೀನಿ. ನೈಸರ್ಗಿಕ ಅಂತ ತಗೊಂಡಿದ್ನಿ."

ಬಾಳವ್ವ ಇಕ್ಕಳ ಕೆಳಗಿಟ್ಟು ತನ್ನ ಕೈಗಳನ್ನೇ ನೋಡಿಕೊಂಡಳು.

ಕೆಮಿಸ್ಟ್ರಿ ಓದಿದ ಸಮೃದ್ಧಿಗೆ ನಗು ತಡೆಯಲಾಗಲಿಲ್ಲ. "ಗುಡ್ಡದ್ದಲ್ರೀ ಅದು. ಫ್ಯಾಕ್ಟರ್ಯಾಗ ಅಮೋನಿಯಾ ಹಾಕಿ ಮಾಡಿದ್ದು. ಸುಟ್ಟರ ಹಿಂಗ ನಾರತೈತಿ."

ಕಲ್ಲು ನಕಲಿ, ಬೆವರು ಮಾತ್ರ ಅಸಲಿ. ಅನಿಕೇತನಿಗೆ ಭೂಮಿ ಬಾಯಿಬಿಡಬಾರದೇ ಅನಿಸಿತು. ತಾಯಿ ಚೀಲ ಎತ್ತಿಕೊಂಡು ಎದ್ದೇಬಿಟ್ಟಳು.

"ಎಲ್ಲಿಗೆ ಹೊಂಟ್ರಿ? ಕುಂದರ್ರಿ," ಅಂದಳು ಬಾಳವ್ವ. "ನಾರೂ ಮೈಗೆ ಬಿಸಿನೀರ ಐತಿ, ಸಬಕಾರ ಐತಿ. ಸುಳ್ಳ ಹೇಳೂ ಬಾಯಿಗೆ ಏನ ತಿಕ್ಕೂಣು? ಏನಂತಿ, ಸಮೃದ್ಧಿ?"

ಸಮೃದ್ಧಿ ಒಳಹೋಗಿ, ಲಗ್ನ ಗಟ್ಟಿಯಾದಾಗ ಹಂಚುವ ಸಕ್ಕರೆಯ ಡಬ್ಬಿ ತಂದಳು. ಬಾಳವ್ವ ಕೈತೊಳೆದು ಬಂದು, ಮೊದಲ ಚಿಟಿಕೆಯನ್ನು ಗೌರವ್ವನ ಬಾಯಿಗೆ ಹಾಕಿದಳು.