ಅವ್ವನ ಸರಿ ಉತ್ತರಗಳು

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಅದರಲ್ಲೂ ಫೈನಲ್ ಎಂಬಿಬಿಎಸ್ ಪರೀಕ್ಷೆಗೆ ಒಂಬತ್ತೇ ದಿನ ಉಳಿದಿತ್ತು. ಮುಳ್ಳೂರಿನ ನಮ್ಮ ಜಗಲಿಯಲ್ಲಿ ಕೂತು ಮೆದುಳಿನ ಹನ್ನೆರಡು ಜೊತೆ ನರಗಳನ್ನು ಉರು ಹೊಡೆಯುತ್ತಾ, ಮಾತಾಡಿಸಿದವರ ಮೇಲೆಲ್ಲ ಹರಿಹಾಯುತ್ತಿದ್ದೆ. ಅವ್ವ ಶಿವರತ್ನಮ್ಮ ಮಾತ್ರ ಅದಕ್ಕೆ ಸೊಪ್ಪು ಹಾಕುತ್ತಿರಲಿಲ್ಲ.

ಮೂರು ವರ್ಷದಿಂದ ನನ್ನ ಅಭ್ಯಾಸದ ರೋಗಿ ಅವಳೇ. ರೇಷ್ಮೆ ಹುಳುವಿಗೆ ಸೊಪ್ಪು ಹಾಕಿ ಬಂದು, ಕೈಕಾಲು ತೊಳೆದು, ಸ್ಟೂಲಿನ ಮೇಲೆ ನೆಟ್ಟಗೆ ಕೂರುತ್ತಿದ್ದಳು. ಕಾಫಿಪುಡಿ ಮೂಸುವುದು, ಕೆನ್ನೆ ಉಬ್ಬಿಸುವುದು, ನಾಲಿಗೆ ಚಾಚುವುದು, ಎಲ್ಲವೂ ಅವಳಿಗೆ ಬಾಯಿಪಾಠ. ಮುಗಿದ ಮೇಲೆ "ಉತ್ತರ ಎಲ್ಲಾ ಸರಿಯಾಗಿ ಏಳಿದ್ನಾ?" ಎಂದು ಕೇಳಿಯೇ ಏಳುತ್ತಿದ್ದಳು. ನಾನು ನಕ್ಕು, ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಟಿಕ್ ಹಾಕುತ್ತಿದ್ದೆ. ಥೂ, ನನ್ನ ಜನ್ಮಕ್ಕಿಷ್ಟು!

ಆ ಮಧ್ಯಾಹ್ನ ಪುಸ್ತಕದಿಂದ ತಲೆ ಎತ್ತದೆಯೇ ಕೇಳಿದೆ. "ಎಷ್ಟು ಬೆರಳು ಕಾಣ್ತವೆ?"

"ಒಂದೇ ಕಣಮ್ಮಿ."

"ನಾನಿನ್ನೂ ಕೈಯೇ ಎತ್ತಿಲ್ಲ ಕಣವ್ವ!" ಎಂದು ರೇಗಿ ತಲೆ ಎತ್ತಿದೆ. ಅವಳ ಎಡಗಣ್ಣಿನ ರೆಪ್ಪೆ ಅರ್ಧಕ್ಕೆ ಇಳಿದಿತ್ತು. ಬೆಳಕಿಗೆ ಎಳೆದು ತಂದು ಫೋನಿನ ಟಾರ್ಚ್ ಬಿಟ್ಟೆ. ಬಲಗಣ್ಣಿನ ಪಾಪೆ ಕುಗ್ಗಿತು. ಎಡಗಣ್ಣಿನದು ಅಗಲವಾಗಿಯೇ ಇತ್ತು, ಗುಡ್ಡೆಯೂ ಹೊರಕ್ಕೆ ವಾಲಿತ್ತು.

"ಬೆಳಿಗ್ಗೆ ಬದೀನ್ಮೇಲೆ ಉಮ್ಮತ್ತದ ಗಿಡ ಕಿತ್ತೆ, ಅದ್ರ ರಸ ತಗುಲ್ತೇನೋ" ಎಂದಳು ಅವ್ವ.

ಉಮ್ಮತ್ತದ ರಸಕ್ಕೆ ಪಾಪೆ ಅಗಲವಾಗುವುದು ನಿಜ. ನನಗೂ ಅದನ್ನೇ ನಂಬಿ ಪುಸ್ತಕಕ್ಕೆ ಮರಳುವ ಆಸೆಯಾಯಿತು. ಆದರೆ ಉಮ್ಮತ್ತ ರೆಪ್ಪೆ ಬೀಳಿಸುವುದಿಲ್ಲ, ಕಣ್ಣುಗುಡ್ಡೆಯನ್ನು ಹೊರಕ್ಕೆ ತಿರುಗಿಸುವುದಿಲ್ಲ. ಇದು ಮೂರನೆಯ ನರ. ಪಕ್ಕದ ರಕ್ತನಾಳ ಗುಳ್ಳೆಯ ಹಾಗೆ ಊದಿ ಅದನ್ನು ಒತ್ತಿದರೆ ಹೀಗಾಗುತ್ತದೆ. ಆ ಗುಳ್ಳೆ ಯಾವ ಗಳಿಗೆಯಲ್ಲಾದರೂ ಒಡೆಯಬಹುದು, ಒಡೆದರೆ ಜೀವಕ್ಕೇ ಕುತ್ತು. ಪುಸ್ತಕ ಪಕ್ಕಕ್ಕೆ ತಳ್ಳಿದೆ.

"ನಿಜ ಹೇಳವ್ವ. ಎಷ್ಟು ಕಾಣ್ತದೆ?"

ಅವ್ವ ತಪ್ಪು ಮಾಡಿದವಳಂತೆ ನೆಲ ನೋಡಿದಳು. "ರೆಪ್ಪೆ ಎತ್ತುದ್ರೆ ಎಲ್ಲಾ ಎರಡೆರಡು ಕಾಣ್ತದೆ. ಎಂಟು ದಿನಾಯ್ತು. ತಲೆನೂ ಒಸಿ ನೋಯ್ತಿತ್ತು."

"ಮತ್ತೆ ದಿನಾ ಒಂದೇ ಅಂತ ಯಾಕಂದೆ?"

"ಸರಿ ಉತ್ತರ ಒಂದೇ ಅಲ್ವಾ? ನಾ ತಪ್ಪೇಳ್ಬುಟ್ಟು, ನೀ ಫೇಲಾಗೋದ್ರೆ?"

ಅಯ್ಯೋ ಅವ್ವ! ಪರೀಕ್ಷೆ ಬರೆಯುತ್ತಿರುವುದು ತಾನೇ ಅಂದುಕೊಂಡುಬಿಟ್ಟಿದ್ದಳು. ಎಂಟು ದಿನವೂ ಎದುರಿಗೇ ಕೂತಿದ್ದಳು. ನಾನು ಪುಸ್ತಕದ ಕಣ್ಣಿನ ಚಿತ್ರ ನೋಡುತ್ತಾ ಟಿಕ್ ಹಾಕಿದ್ದೆ.

ಕಾಲೇಜಿನ ನಮ್ಮ ಮೇಡಂಗೆ ಫೋನ್ ಮಾಡಿ ಎಲ್ಲ ಹೇಳಿದೆ. "ಒಂದು ನಿಮಿಷವೂ ತಡಮಾಡದೆ ಮೈಸೂರಿಗೆ ಕರೆದುಕೊಂಡು ಬಾ" ಎಂದರು. ಪಕ್ಕದ ಮನೆಯ ನಿಂಗರಾಜು ಉಣ್ಣುತ್ತಿದ್ದವನು ತಟ್ಟೆ ಬಿಟ್ಟೆದ್ದು ಕಾರು ತೆಗೆದ. ಹಿಂದಿನ ಸೀಟಿನಲ್ಲಿ ಅವ್ವನನ್ನು ನನ್ನ ಹೆಗಲಿಗೆ ಒರಗಿಸಿಕೊಂಡೆ. ಕೊಳ್ಳೇಗಾಲ ದಾಟುವಷ್ಟರಲ್ಲಿ ಮಾದಪ್ಪನ ಬೆಟ್ಟಕ್ಕೆ ನಡೆದು ಹೊರಟವರ ದೊಡ್ಡ ಗುಂಪು ಎದುರಾಗಿ, ಕಾರು ಆಮೆಯ ಹಾಗೆ ತೆವಳಿತು.

"ಹಾರ್ನ್ ಹೊಡಿಯೋ, ನಿನ್ ಕೈ ಸೇದೋಗಾ!" ಎಂದು ಕಿರುಚಿದೆ.

"ದೇವ್ರ ಜನ ಕಣಕ್ಕ, ಎಂಗ್ ನುಗ್ಸಾದು?" ಎಂದ ನಿಂಗರಾಜು. ಅವನ ದನಿಯೂ ಒಡೆದಿತ್ತು. ಅವ್ವ ಕಣ್ಣು ಮುಚ್ಚಿಕೊಂಡೇ ಆ ಗುಂಪಿಗೆ ಕೈ ಮುಗಿದಳು.

ನರಸೀಪುರ ಇನ್ನೂ ಬಂದಿರಲಿಲ್ಲ. ಅವ್ವ ಒಮ್ಮೆಲೇ "ಅಪ್ಪಾ!" ಎಂದು ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡಳು. ನನ್ನ ಮಡಿಲ ತುಂಬ ವಾಂತಿಯಾಯಿತು. ಬಾಯಿ ಒರೆಸಿ, ಕತ್ತಿನ ಹಿಂದೆ ಕೈ ಕೊಟ್ಟು ಮೆಲ್ಲಗೆ ಬಗ್ಗಿಸಲು ನೋಡಿದೆ. ಬಗ್ಗಲಿಲ್ಲ. ಹಲಗೆಯ ಹಾಗೆ ಸೆಟೆದುಕೊಂಡಿತ್ತು. ತಲೆಯೊಳಗೆ ರಕ್ತ ಸೋರಿದಾಗ ಕತ್ತು ಹಾಗಾಗುತ್ತದೆಂದು ನನಗೆ ಯಾರೂ ಹೇಳಬೇಕಿರಲಿಲ್ಲ.

"ಅವ್ವ, ಅವ್ವ, ತುಂಬಾ ನೋಯ್ತಿದ್ಯಾ? ನಿಜ ಹೇಳವ್ವ."

ಅವಳು ಕಣ್ಣು ತೆರೆಯಲಿಲ್ಲ. ಸ್ಟೂಲಿನ ಮೇಲೆ ಕೂತವಳಂತೆ ಬೆನ್ನು ನೆಟ್ಟಗೆ ಮಾಡಲು ನೋಡಿದಳು.

"ಏನೂ ನೋವಿಲ್ಲ ಕಣಮ್ಮಿ" ಎಂದಳು. "ಬರ್ಕೊ."